ಹಳದಿ ದೀಪ ಮತ್ತು ಅಡಿವೆಪ್ಪ

ನಗು ಬಂದರೆ ನಕ್ಕುಬಿಡಿ, ತಡೆಯಬೇಡಿ. ಶಾವಂತ್ರೆವ್ವನ ಮುಂದೆ ಮಾತ್ರ ನಗಬೇಡಿ. ಅವಳ ಕೈಯಲ್ಲಿ ಯಾವಾಗಲೂ ಸೌಟು ಇರುತ್ತದೆ.

ಶಾವಂತ್ರೆವ್ವ ನರಗುಂದದಲ್ಲಿ ಮದುವೆ ಅಡುಗೆ ಮಾಡುವವಳು. ಹಿತ್ತಿಲಲ್ಲಿ ಆರು ಒಲೆ ಹೂಡಿ, ಮುನ್ನೂರು ಮಂದಿಗೆ ಬೇಯಿಸಿ, ಪಾತ್ರೆಗೆ ತುಂಬಿ ಕಳಿಸುತ್ತಿದ್ದಳು. ಅವಳ ಎಣ್ಣೆಗಾಯಿ ತಿನ್ನಲು ಕುಳಿತವರು ಕೈ ತೊಳೆಯಲು ಏಳುತ್ತಿರಲಿಲ್ಲ. ಇಂಥ ತಾಯಿಗೆ ಒಬ್ಬನೇ ಮಗ, ಅಡಿವೆಪ್ಪ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಹೇಳಿದ ಮಾತು ಮೀರುವವನಲ್ಲ. ಅದೇ ತೊಂದರೆ. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದ, ಸಾಸಿವೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಸೋದರಮಾವ ಒಂದು ಪಿಕಪ್ ಗಾಡಿ ಕೊಡಿಸಿದ. ಹೊಸ ನಮೂನೆಯ ಗಾಡಿ. ಟೈರಿನಲ್ಲಿ ಗಾಳಿ ಕಡಿಮೆಯಾದರೆ ಸ್ಟೇರಿಂಗಿನ ಹಿಂದೆ ಹಳದಿ ದೀಪ ಹತ್ತುತ್ತಿತ್ತು. ಕುದುರೆಯ ಲಾಳದಂಥ ಗುರುತು, ನಡುವೆ ಒಂದು ಗೀಟು, ಗೀಟಿನ ಕೆಳಗೆ ಒಂದು ಚುಕ್ಕೆ. ಮಾವ ಅದನ್ನು ಬೆರಳಿಟ್ಟು ತೋರಿಸಿದ.

"ಅಡಿವೆಪ್ಪಾ, ಇಲ್ಲಿ ದೀಪ ಕಾಣಬಾರ್ದು ನೋಡಪಾ."

"ಹೂಂ ಮಾವಾ."

ಮೂರನೆಯ ದಿನ ದೀಪ ಕಂಡಿತು. ಅಡಿವೆಪ್ಪ ಉಫ್ ಎಂದು ಊದಿದ. ಆರಲಿಲ್ಲ. ಇನ್ನೊಮ್ಮೆ ಊದಿದ. ಆರಲಿಲ್ಲ. ಗಾಡಿಯ ಹಿಂದೆ ಹೋಳಿಗೆಗೆ ನಾದಿದ ಕಣಕ ಇತ್ತು. ಒಂದು ಉಂಡೆ ತಂದು ದೀಪದ ಮೇಲೆ ಮೆತ್ತಿದ. ಮನೆ ಮುಟ್ಟುವಾಗ ಹಿಂದಿನ ಟೈರು ಚಪ್ಪಟೆಯಾಗಿ ನೆಲಕ್ಕೆ ಕೂತಿತ್ತು.

"ಯವ್ವಾ, ದೀಪ ಕಾಣವಲ್ದು!"

"ಅಯ್ಯ ಹುಚ್ಚಪ್ಯಾಲಿ! ದೀಪ ಮುಚ್ಚೂದಲ್ಲ! ದೀಪ ಹತ್ತಿದ್ರ ಗಾಡಿ ನಿಂದ್ರಸಬೇಕು. ಕೆಳಗ ಇಳಿದು ಟಾಯರ್ ನೋಡ್ಬೇಕು!"

"ಹೂಂ ಯವ್ವಾ."

ಮುಂದಿನ ವಾರ ತೊಟ್ಟಿಲ ಊಟಕ್ಕೆ ರೊಟ್ಟಿ ಒಯ್ಯುತ್ತಿದ್ದ. ದೀಪ ಹತ್ತಿತು. ಗಾಡಿ ನಿಲ್ಲಿಸಿದ. ಕೆಳಗೆ ಇಳಿದ. ಟೈರು ನೋಡಿದ. ಕೂತು ನೋಡಿದ, ನಿಂತು ನೋಡಿದ. ಊಟದ ಹೊತ್ತು ಮೀರಿತು, ಅವನು ನೋಡುತ್ತಲೇ ಇದ್ದ. ಆ ಮನೆಯವರು ಅನ್ನ ಸಾರು ಉಂಡು ಶಾವಂತ್ರೆವ್ವನನ್ನು ಬೈದರು.

"ಅಷ್ಟೊತ್ತು ಏನ್ ಮಾಡ್ದ್ಯೋ?"

"ಟಾಯರ್ ನೋಡ್ದೆ."

"ಏನಾಗಿತ್ತು?"

"ಗಾಳಿ ಕಡಿಮಿ ಆಗಿತ್ತು."

"ಆಮ್ಯಾಲೆ?"

"ನೋಡ್ದೆ."

"ಬರೇ ನೋಡಿದ್ರ ಗಾಳಿ ತುಂಬತೈತೇನೋ? ತಗೋ ಈ ಕಾಲ್ಪಂಪು! ದೀಪ ಹತ್ತಿದ್ರ ಗಾಳಿ ಹೊಡಿ. ದೀಪ ಆರೂತನಾ ಬಿಡಬ್ಯಾಡ!"

"ಹೂಂ ಯವ್ವಾ."

ಮತ್ತೆ ದೀಪ ಹತ್ತಿತು. ಅದೂ ಹಳದಿಯೇ, ಆದರೆ ಡೀಸೆಲ್ ಮುಗಿಯುತ್ತ ಬಂತು ಎನ್ನುವ ದೀಪ. ಅಡಿವೆಪ್ಪ ಗಾಳಿ ಹೊಡೆದ. ದೀಪ ಆರಲಿಲ್ಲ. ಇನ್ನೂ ಹೊಡೆದ. ಆರಲಿಲ್ಲ. ನಾಲ್ಕೂ ಟೈರು ಕಲ್ಲಿನಂತಾದವು. ಆರಲಿಲ್ಲ. ಐದನೆಯ ಸಲ ಸುತ್ತು ಬರುವಾಗ ಮುಂದಿನ ಟೈರು ಢಂ ಎಂದಿತು. ಆಗ ಎಂಜಿನ್ನೂ ಡೀಸೆಲ್ ಇಲ್ಲದೆ ನಿಂತಿತು. ದೀಪ ಮಾತ್ರ ಉರಿಯುತ್ತಲೇ ಇತ್ತು.

ಶಾವಂತ್ರೆವ್ವ ಹಣೆ ಚಚ್ಚಿಕೊಂಡು ಪಂಕ್ಚರ್ ಅಂಗಡಿಯ ಮೌಲಾಸಾಬನ ಹತ್ತಿರ ಹೋದಳು. ಅವನು ಬಲ್ಲವನು, ತಾಳ್ಮೆಯಿಂದ ಹೇಳಿದ. ಅವಳು ಅದನ್ನು ಮಗನಿಗೆ ಮೂರು ಸಲ ಒಪ್ಪಿಸಿದಳು.

"ಲಾಳದ ಗುರುತು ಇದ್ರಷ್ಟ ಗಾಳಿ, ತಿಳೀತೇನು? ಓಡಿ ಬಂದ ಟಾಯರ್ ಬಿಸಿ ಇರ್ತೈತಿ. ಬಿಸಿ ಇದ್ದಾಗ ಗಾಳಿ ಅಳೀಬಾರ್ದು. ಮೊದಲ ತಣ್ಣಗ ಆಗ್ಬೇಕು!"

"ಹೂಂ ಯವ್ವಾ."

ಅಂದು ನಿಶ್ಚಿತಾರ್ಥದ ಮನೆಗೆ ನಾಲ್ಕು ಕ್ಯಾನು ಮಸಾಲೆ ಮಜ್ಜಿಗೆ ಹೊರಟಿತ್ತು. ಲಾಳದ ದೀಪ ಹತ್ತಿತು. ಅಡಿವೆಪ್ಪ ಟೈರು ಮುಟ್ಟಿದ, ಬಿಸಿ. ಒಂದೊಂದು ಟೈರಿಗೆ ಒಂದೊಂದು ಕ್ಯಾನು ಹೊಯ್ದ. ತಣ್ಣಗಾಯಿತು. ಗಾಳಿ ಅಳೆದ, ಹೊಡೆದ. ಖಾಲಿ ಕ್ಯಾನು ಒಯ್ದು ಸಾಲಾಗಿ ಇಳಿಸಿ ಬಂದ. ಟೈರಿಗೆಲ್ಲ ಕರಿಬೇವು ಅಂಟಿತ್ತು.

"ಯಾರಿಗೆ ಹೇಳ್ಲಿ ನನ್ನ ಹಣೇಬರಾನ! ಗಾಡ್ಯಾಗಿನ ಸಾಮಾನು ಒಂದು ಹನಿನೂ ಚೆಲ್ಲಬಾರ್ದೋ! ಭಾರ ಭಾಳ ಇತ್ತಂದ್ರ ಹೌರಗ, ಮೆತ್ತಗ ಕೆಳಗ ಇಳಸು. ನೆರಳಿನ್ಯಾಗ ಇಡು. ಗಾಳಿ ಹೊಡಿ. ಎರಡು ಕಿಲೋಮೀಟರ್ ಓಡಸು, ದೀಪ ತಾನ ಆರತೈತಿ ಅಂತ ಮೌಲಾಸಾಬ ಹೇಳ್ಯಾನ. ದೀಪ ಆರಿದ ಮ್ಯಾಲೆ ಎಲ್ಲೂ ಹೊಳ್ಳಿ ನೋಡಬ್ಯಾಡ, ನೆಟ್ಟಗ ಊಟದ ಮನಿಗೆ ಹೋಗು!"

"ಹೂಂ ಯವ್ವಾ."

ಇಷ್ಟಾಗುವಾಗ ಕೊಣ್ಣೂರ ಹಿರೇಗೌಡರ ಮಗಳ ಮದುವೆ ಬಂತು. ಗೌಡರು ಬಾಗಿಲಿಗೇ ಬಂದು ಹೇಳಿದರು.

"ನಿನ್ನ ಕೈರುಚಿಗೆ ಎರಡು ಮಾತಿಲ್ಲ, ಶಾವಂತ್ರೆವ್ವಾ. ಆದ್ರ ಒಂದು ಗಂಟೆಕ್ಕ ನನ್ನ ಮನ್ಯಾಗ ಎಲಿ ಹಾಕ್ತಾರ. ಊಟ ತಪ್ಪಿತಂದ್ರ ಈ ಸೀಮ್ಯಾಗ ನಿನಗ ಇನ್ನ ಯಾರೂ ಅಡಿಗಿ ಹೇಳೂದಿಲ್ಲ."

ಗಂಡ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಆ ಒಲೆಗಳ ಮುಂದೆಯೇ ಬೆವರಿದವಳು. ಬೇರೆ ಕೆಲಸ ಬರುತ್ತಿರಲಿಲ್ಲ. ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಬಡಿಸುವವರನ್ನು ಮುಂಚೆ ಕಳಿಸಿ, ತಾನೇ ಗಾಡಿಯ ಹಿಂದೆ ಸಾರಿನ ಹಂಡೆ ಹಿಡಿದು ಕೂತಳು.

ಕೊಣ್ಣೂರು ಇನ್ನು ನಾಲ್ಕು ಕಿಲೋಮೀಟರ್ ಇರುವಾಗ ಲಾಳದ ದೀಪ ಹತ್ತಿತು. ಅಡಿವೆಪ್ಪ ಬೇವಿನ ಗಿಡದ ಕೆಳಗೆ ನಿಲ್ಲಿಸಿದ. ಹಂಡೆ, ಬುಟ್ಟಿ, ಕೊಪ್ಪರಿಗೆ ಒಂದೊಂದೇ ಇಳಿಸಿದ. ದಾರಿಹೋಕರ ಕೈ ಹಿಡಿಸಿದ. ಒಂದು ಹನಿ ಚೆಲ್ಲಲಿಲ್ಲ. ತಾಯಿಯನ್ನೂ ಇಳಿಸಿದ. ನೆರಳಿನಲ್ಲಿ ಕೂರಿಸಿದ. ಗಾಳಿ ಹೊಡೆದ. ಮಗನಿಗೆ ಅಂತೂ ಬುದ್ಧಿ ಬಂತೆಂದು ಶಾವಂತ್ರೆವ್ವನ ಕಣ್ಣು ತುಂಬಿತು.

"ಎರಡು ಕಿಲೋಮೀಟರ್ ಓಡಸ್ತೀನಿ ಯವ್ವಾ."

"ಲಗೂನ ನನ್ನಪ್ಪಾ!"

ಓಡಿಸಿದ. ಎರಡು ಕಿಲೋಮೀಟರಿಗೆ ದೀಪ ಆರಿತು. ಹೊಳ್ಳಿ ನೋಡಲಿಲ್ಲ. ನೆಟ್ಟಗೆ ಮದುವೆ ಮನೆಗೆ ಹೋದ. ಒಂದಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಗೌಡರು ಭೇಷ್ ಎಂದು ಗಾಡಿಯ ಹಿಂದೆ ಬಂದರು.

"ಅಡಿಗಿ ಎಲ್ಲೋ?"

"ಬೇವಿನ ಗಿಡದ ಬುಡಕ್ಕ ಐತ್ರಿ."

"ನಿಮ್ಮವ್ವ?"

"ಅಕಿನೂ ಅಲ್ಲೇ ಅದಾಳ್ರಿ. ದೀಪ ಆರೇತ್ರಿ, ನೋಡ್ರಿ ಬೇಕಾದ್ರ."

ಗೌಡರು ನೋಡಲಿಲ್ಲ. ಗಡಿಯಾರ ನೋಡಿಕೊಂಡರು.

"ಒಂದೂವರಿತನಾ ಬೀಗರನ್ನ ಮಾತಾಡ್ಸಿ ಕುಂದ್ರಸ್ತೀನಿ. ಅಷ್ಟ್ರಾಗ ಊಟ ನನ್ನ ಮನಿ ಮುಂದ ಬರ್ಬೇಕು!"

ಅಡಿವೆಪ್ಪ ಹೋಗಿ ತಾಯಿಗೆ ಎಲ್ಲ ಹೇಳಿದ. ಬಯ್ಯಲೂ ಅವಳಿಗೆ ಪುರುಸೊತ್ತಿರಲಿಲ್ಲ. ಮತ್ತೆ ದಾರಿಹೋಕರ ಕೈಕಾಲು ಹಿಡಿದು ಹಂಡೆ ಏರಿಸಿದಳು, ತಾನೂ ಏರಿದಳು. ಭಾರ ಬಿದ್ದೊಡನೆ ದೀಪ ಮತ್ತೆ ಮಿಣುಕೀತೆಂದು ಹೆದರಿ, ಹಿಂದಿನಿಂದಲೇ ಕೂಗಿ ಹೇಳಿದಳು.

"ಅಡಿವೆಪ್ಪಾ, ಈಗ ದೀಪ ಹತ್ತಲಿ, ಆರಲಿ, ನಿಂದ್ರಬ್ಯಾಡ! ಯಾರ ಕೈ ಮಾಡ್ಲಿ, ಯಾರ ಒದರ್ಲಿ, ನಿಂದ್ರಬ್ಯಾಡ! ನಿಂದ್ರಸು ಅಂತ ನಾನ ಅಂದ್ರೂ ನಿಂದ್ರಬ್ಯಾಡ! ಹೊಡಿ ಗಾಡಿ!"

"ಹೂಂ ಯವ್ವಾ."

ಹೊಡೆದ. ದೀಪ ಹತ್ತಿತು, ನಿಲ್ಲಲಿಲ್ಲ. ಊರ ಅಗಸೆ ಬಾಗಿಲು ದಾಟಿತು, ನಿಲ್ಲಲಿಲ್ಲ. ಚಪ್ಪರದ ಮುಂದೆ ಗೌಡರು ಎರಡೂ ಕೈ ಎತ್ತಿದರು. ಬೀಗರು ಎದ್ದು ನಿಂತರು. ಬಡಿಸುವವರು ಸೌಟು ಬೀಸಿದರು. ಎಣ್ಣೆಗಾಯಿಯ ವಾಸನೆ ಎಲ್ಲರ ಮೂಗಿಗೂ ಬಡಿಯಿತು. ಹಿಂದೆ ಶಾವಂತ್ರೆವ್ವ ಕ್ಯಾಬಿನ್ನಿನ ತಗಡನ್ನು ದಡದಡ ಬಡಿಯುತ್ತಿದ್ದಳು.

"ನಿಂದ್ರಸೋ! ನಿಂದ್ರಸೋ ನನ್ನಪ್ಪಾ! ಇದ ಮದವಿ ಮನಿ!"

"ಗೊತ್ತೈತಿ ಬಿಡವ್ವಾ!" ಎಂದ ಅಡಿವೆಪ್ಪ. "ನೀ ಅಂದ್ರೂ ನಿಂದ್ರೂದಿಲ್ಲ!"

ಹೀಗೆ ಹಿರೇಗೌಡರ ಮನೆ ಮುಂದೆ ಊಟ ಒಂದು ಇಪ್ಪತ್ತೈದಕ್ಕೆ ಬಂತು. ಒಂದು ಇಪ್ಪತ್ತೈದಕ್ಕೇ ಹೋಯಿತು.