ಜೊಂಡಿನ ಕೊಕ್ಕರೆ

ಕೆರೆಯ ದಂಡೆಯಲ್ಲೊಂದು ಮಠ. ಆ ಮಠದ ಅಜ್ಜಾರು ಹರೆಯದಲ್ಲಿ ಒಮ್ಮೆ, ಒಂದೇ ಒಮ್ಮೆ, ಜೊಂಡಿನ ಕೊಕ್ಕರೆಯನ್ನು ಕಂಡಿದ್ದರು.

ಮೈಯೆಲ್ಲ ಒಣಜೊಂಡಿನ ಬಣ್ಣ, ಎದೆಯ ಮೇಲೆ ಉದ್ದುದ್ದ ಕಂದು ಗೆರೆ. ಮನುಷ್ಯರ ಸುಳಿವು ಸಿಕ್ಕರೆ ಕೊಕ್ಕನ್ನು ಮುಗಿಲಿಗೆತ್ತಿ ಜೊಂಡಿನ ನಡುವೆ ನಿಂತುಬಿಡುತ್ತದೆ. ಇನ್ನೊಂದು ಕುರುಹೂ ಉಂಟು ಎನ್ನುತ್ತಿದ್ದರು ಅಜ್ಜಾರು. ಅದೇನೆಂದು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಕಂಡವರು ಬಂದು ತಾವೇ ಹೇಳಬೇಕು.

ಶಿಷ್ಯ ಅಡಿವೆಪ್ಪ ಅದಕ್ಕಾಗಿ ಹನ್ನೊಂದು ಚಳಿಗಾಲ ಕಾದಿದ್ದ. ಕೆರೆಯ ಉಳಿದ ಹಕ್ಕಿಗಳನ್ನೆಲ್ಲ ರೆಕ್ಕೆಯ ಸದ್ದಿನಿಂದಲೇ ಗುರುತಿಸುತ್ತಿದ್ದ. ಇದೊಂದು ಕಣ್ಣಿಗೆ ಬಿದ್ದಿರಲಿಲ್ಲ.

ಹನ್ನೆರಡನೆಯ ಚಳಿಗಾಲ ಅಜ್ಜಾರು ಸಂಗನಬಸವನನ್ನೂ ಕಾಯಲು ಹಚ್ಚಿದರು. ಅವನು ಮಗ್ಗ ಬಿಟ್ಟು ಮಠ ಸೇರಿ ಮೂರು ತಿಂಗಳಾಗಿತ್ತು, ಅಷ್ಟೆ. ಬಾತುಕೋಳಿ ಯಾವುದು, ನೀರುಕೋಳಿ ಯಾವುದು ತಿಳಿಯದವ. ಸಾಲದ್ದಕ್ಕೆ ಅಜ್ಜಾರು ತಮ್ಮ ಕಂಬಳಿಯನ್ನೇ ಹೊದಿಸಿ ಕಳಿಸಿದರು.

ಅಡಿವೆಪ್ಪನ ಹೊಟ್ಟೆ ಧಗಧಗ ಉರಿಯಿತು. ಆ ಕಂಬಳಿ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವನ ಹೆಗಲಿಗೆ ಬಂದಿರಲಿಲ್ಲ.

ಕೆರೆಯ ಮೂಲೆಯಲ್ಲಿ, ನೀರು ಕಿರಿದಾಗುವಲ್ಲಿ, ಇಬ್ಬರೂ ಎದುರುಬದುರು ದಂಡೆಗೆ ಕೂತರು. ಅಡಿವೆಪ್ಪನ ಬೆನ್ನಿಗೆ ಜೊಂಡು. ನೀರಿನ ಮೇಲೆ ಇಡಬೇಕಾದ ಕಣ್ಣನ್ನು ಅವನು ಆ ಕಂಬಳಿಯ ಮೇಲಿಟ್ಟ. ತನಗೆ ಕಾಣದಿದ್ದರೂ ಚಿಂತೆಯಿಲ್ಲ, ಇವನಿಗೆ ಮಾತ್ರ ಕಾಣದಿರಲಿ ಎಂದು ದೇವರನ್ನು ಬೇಡಿಕೊಂಡ.

ಹೊತ್ತು ಮಾರುದ್ದ ಏರುವಷ್ಟರಲ್ಲಿ ಸಂಗನಬಸವ ಇವನತ್ತಲೇ ನೋಡತೊಡಗಿದ. ಹುಬ್ಬು ಹಾರಿಸಿದ. ಗದ್ದ ಎತ್ತಿದ. ಕಂಬಳಿ ಸಿಕ್ಕ ಸೊಕ್ಕಿಗೆ ಅಣಕಿಸುತ್ತಿದ್ದಾನೆ ಎಂದುಕೊಂಡ ಅಡಿವೆಪ್ಪ, ಹಲ್ಲು ಕಚ್ಚಿ ಅವನನ್ನೇ ದುರುಗುಟ್ಟಿ ನೋಡುತ್ತ ಮಧ್ಯಾಹ್ನದವರೆಗೆ ಕೂತ.

ಮಠಕ್ಕೆ ಬಂದವನೇ ದೂರು ಹೇಳಿದ. "ಇವನನ್ನ ಕೆರೀಗೆ ಕಳಸಬ್ಯಾಡ್ರಿ ಅಜ್ಜಾರ. ನೀರಿನ ಕಡೆ ನೋಡಲೇ ಇಲ್ಲ. ನನ್ನ ಮಾರೀನ ನೋಡಿಕೋತ ಕುಂತಿದ್ದ."

"ನೋಡುವಾಗ ಅವನ ಮಾರಿ ಹೆಂಗಿತ್ತು?" ಅಂದರು ಅಜ್ಜಾರು.

"ಬಾಯಿ ತೆರೆದಿತ್ತರಿ. ಮೂಗಿನ ಮ್ಯಾಲೆ ನೊಣ ಕುಂತರೂ ಹೊಡಕೊಳ್ಳಲಿಲ್ಲ. ಒಂದಿಷ್ಟು ಹೊತ್ತು ಕಣ್ಣಾಗ ನೀರೂ ಬಂದಿತ್ತು."

ಅಜ್ಜಾರು ಸಂಗನಬಸವನ ಕಡೆ ತಿರುಗಿದರು. ಅವನು ಹೇಳಲೋ ಬೇಡವೋ ಎಂದು ತಡವರಿಸಿದ.

"ಅಣ್ಣಾರ ಬೆನ್ನ ಹಿಂದ ನಿಂತಿತ್ತರಿ, ಎರಡು ಮಾರು ದೂರದಾಗ. ಕೂಗಿದ್ರ ಹಾರಿ ಹೋಗತಿತ್ತು. ಹುಬ್ಬಿನಿಂದ ಸನ್ನಿ ಮಾಡಿದೆ, ಗದ್ದ ಎತ್ತಿ ತೋರಿಸಿದೆ. ಅಣ್ಣಾರು ತಿರುಗಲಿಲ್ಲ."

"ಕುರುಹು?"

"ಗಾಳಿ ಬೀಸಿದಾಗ ಜೊಂಡಿನ ಜೋಡಿ ಅದೂ ತೂಗತಿತ್ತರಿ."

ಅಜ್ಜಾರು ಕಣ್ಣು ಮುಚ್ಚಿದರು. ಐವತ್ತು ವರ್ಷ ಅವರೊಬ್ಬರ ಎದೆಯಲ್ಲೇ ಇದ್ದ ಮಾತು ಅದು.

ಅಡಿವೆಪ್ಪ ಕೆರೆಗೆ ಓಡಿದ. ತಾನು ಕೂತಿದ್ದ ಜಾಗದ ಹಿಂದೆ, ಕೆಸರಿನಲ್ಲಿ, ಉದ್ದ ಬೆರಳಿನ ಹೆಜ್ಜೆಗಳು ಇನ್ನೂ ಹಸಿಯಾಗಿದ್ದವು. ಹಕ್ಕಿ ಇರಲಿಲ್ಲ. ಅವನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟ.

ಹಿಂದೆಯೇ ಕೋಲೂರಿಕೊಂಡು ಬಂದ ಅಜ್ಜಾರು ಅವನ ಪಕ್ಕದಲ್ಲಿ ಕೂತರು. ಬಹಳ ಹೊತ್ತು ಆ ಹೆಜ್ಜೆಗಳನ್ನು ನೋಡಿದರು.

"ಅಂಥಾ ಮಾರಿ ಕಂಡಿಯಲ್ಲೋ ತಮ್ಮಾ, ಅದು ಏನು ನೋಡಾಕತ್ತೈತಿ ಅಂತ ಒಮ್ಮೆ ತಿರುಗಿ ನೋಡಬೇಕು ಅನಸಲಿಲ್ಲೇನು?"