ದಾಟಿ ಬಂದವರ ಸಮೀಕ್ಷೆ

ಎಂದಿನಂತೆ ಕಾಳು ಹುಡುಕಲು ಹೊರಟ ಬೆಳಿಗ್ಗೆ ಅಳಿಲಮ್ಮ ಹೊಸ ಡಾಂಬರು ರಸ್ತೆಯನ್ನು ದಾಟಿದಳು. ಹಿಂದೆಯೇ ಬರುತ್ತಿದ್ದ ಮಗಳು ಲಾರಿಯ ಚಕ್ರಕ್ಕೆ ಸಿಕ್ಕಿದಳು. ಈಚೆ ಬದಿಯಲ್ಲಿ ಮುಂಗುಸಿ ಸಮೀಕ್ಷೆಗೆ ಕೂತಿದ್ದ. ಅವನ ಮಾತು ಕೇಳಿಯೇ ಆಚೆಯವರು ರಸ್ತೆಗೆ ಇಳಿಯುತ್ತಿದ್ದರು.

"ದಾಟುವಾಗ ನಿಮಗೇನಾದರೂ ಆಯಿತೇ, ಅಳಿಲಮ್ಮ?"

"ನನಗೇನೂ ಆಗಲಿಲ್ಲ. ನನ್ನ ಮಗಳನ್ನು ಕೇಳಪ್ಪ."

"ಬರಲಿ, ಕೇಳುತ್ತೇನೆ. ದಾಟಿ ಬಂದವರನ್ನಷ್ಟೇ ಕೇಳುವುದು ನನ್ನ ಕ್ರಮ. ಇದುವರೆಗೆ ಒಬ್ಬರೂ ದೂರು ಹೇಳಿಲ್ಲ."

"ಹಾಗಾದರೆ ರಸ್ತೆಯ ನಡುವೆ ಕೂತು ಕೇಳು."

"ನಡುವೆ ಕೂರಲು ನನಗೇನು ಹುಚ್ಚೇ, ತಾಯಿ?" ಎಂದು ನಕ್ಕ ಮುಂಗುಸಿ ಆಚೆ ಬದಿಗೆ ತಿರುಗಿ, "ಅಪಾಯವೇನಿಲ್ಲ, ಬನ್ನಿ!" ಎಂದು ಕೂಗಿದ.

ಅಳಿಲಮ್ಮ ಬೇಡವೆಂದು ಕೂಗುವಷ್ಟರಲ್ಲಿ ಆಚೆ ಬದಿಯ ಮೊಲ ತನ್ನ ಮರಿಗಳನ್ನು ಮುಂದೆ ಬಿಟ್ಟಿತು.