ಜ್ವರದ ಪತ್ರ

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಆವರಣದೊಳಗೇ ಹೈಸ್ಕೂಲು, ಹಾಸ್ಟೆಲು. ಸುತ್ತಲಿನ ಹಳ್ಳಿಗಳ ಮಕ್ಕಳು ಅಲ್ಲಿದ್ದು ಓದುತ್ತಿದ್ದರು. ಆಶ್ರಮದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಅವರ ಶಿಷ್ಯ ಚನ್ನವೀರ. ಸಂಜೆ ಪ್ರಾರ್ಥನೆಯ ನಂತರ ಮಕ್ಕಳಿಗೆ ಇಂಗ್ಲಿಷ್ ಹೋಂವರ್ಕ್ ಮಾಡಿಸುವುದು ಅವನ ಸೇವೆ.

ಮಕ್ಕಳಿಗೆ ಇಂಗ್ಲಿಷ್ ಎಂದರೆ ನಡುಕ. ಚನ್ನವೀರ ಅದಕ್ಕೊಂದು ದಾರಿ ಮಾಡಿದ್ದ. ಪದ್ಯಕ್ಕೊಂದು ಸಾರಾಂಶ, ಪ್ರಶ್ನೆಗೊಂದು ಉತ್ತರ, ರಜೆ ಕೇಳಲು ಒಂದು ಪತ್ರ. ತಾನೇ ರಚಿಸಿ ಬೋರ್ಡಿನ ಮೇಲೆ ಬರೆಯುತ್ತಿದ್ದ. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಅವನ ಕೈಕೆಳಗೆ ಯಾರೂ ಫೇಲಾಗಿರಲಿಲ್ಲ.

ಅಜ್ಜಾರು ಒಮ್ಮೆ ಕೇಳಿದ್ದರು.

"ಅವರ ಮಾತು ಅವರ ಬರದ್ರ ಏನಾಗ್ತೈತಿ?"

"ತಪ್ಪಾಗ್ತಾವ್ರಿ ಅಜ್ಜಾರ."

"ಆಗಲಿ."

ಚನ್ನವೀರ ನಕ್ಕು ಬೋರ್ಡಿನ ಕಡೆ ತಿರುಗಿದ್ದ.

ಆ ಸಂಜೆ, ಪರಊರಿನಿಂದ ಆಗಷ್ಟೇ ಮರಳಿದ್ದ ಅಜ್ಜಾರು ಬಂದು ಮಕ್ಕಳ ಹಿಂದೆ ಗೋಡೆಗೊರಗಿ ಕುಳಿತರು.

ಗೂಡಿಗೆ ಮರಳಿದ ಹಕ್ಕಿ ತನ್ನ ಮರಿಗಳನ್ನು ಕಾಣದೆ ಕೂಗುವ ಪದ್ಯ. ಕವಿಯ ಭಾವನೆ ಏನೆಂದು ಚನ್ನವೀರ ಕೇಳಿದ.

ಒಂಬತ್ತನೆಯ ತರಗತಿಯ ಫಕೀರವ್ವ ಎದ್ದು ನಿಂತಳು. ಜ್ವರವೆಂದು ಎರಡು ದಿನ ರಜೆ ಹಾಕಿ ಊರಿಗೆ ಹೋದವಳು ಬೆಳಿಗ್ಗೆ ಬಂದಿದ್ದಳು. ಅಗಲಿಕೆಯ ಆಳವಾದ ದುಃಖವನ್ನು ಕವಿ ಮನಮುಟ್ಟುವಂತೆ ಹೇಳಿದ್ದಾನೆಂದು ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಎಲ್ಲಿಯೂ ತಡವರಿಸಲಿಲ್ಲ.

ಹಿಂದಿನ ಸಾಲಿನಿಂದ ಈರಪಾಕ್ಷಿ ಕೂಗಿದ: "ಜ್ವರ ಬಂದ್ರ ಇಂಗ್ಲಿಷ್ ಹಿಂಗ ಬರ್ತೈತಿ ಅಂದ್ರ ನನಗೂ ಒಂದೀಟು ಬರಲೆಪಾ!"

ಎಲ್ಲರೂ ನಕ್ಕರು. ಫಕೀರವ್ವ ಕುಳಿತುಕೊಂಡಳು.

ಮಕ್ಕಳು ಊಟಕ್ಕೆ ಎದ್ದ ಮೇಲೆ ಚನ್ನವೀರ ಒಂದು ಹಾಳೆ ತಂದ.

"ನೋಡ್ರಿ ಅಜ್ಜಾರ, ಅಕೀ ರಜಾ ಪತ್ರ. ಊರಿಂದ ಕರಿಯಾಕ ಬಂದಾರಂತ ನಸುಕಿನ್ಯಾಗ ಬರದು ನನ್ನ ಬಾಗಿಲದಾಗ ಇಟ್ಟು ಹೋಗ್ಯಾಳ. ಅಂಥ ಗಡಿಬಿಡ್ಯಾಗೂ ಒಂದು ತಪ್ಪಿಲ್ಲ."

ಅಜ್ಜಾರು ಓದಿದರು. ತನಗೆ ಜ್ವರ ಬಂದಿದೆ, ದಯವಿಟ್ಟು ಎರಡು ದಿನ ರಜೆ ಕೊಡಬೇಕು ಎಂದಿತ್ತು.

"ಜ್ವರ ಬಂದಾಕಿ ಇಲ್ಲಿದ್ಲು. ಊರಾಗಿನವರಿಗೆ ಹ್ಯಾಂಗ ಗೊತ್ತಾತು?"

ಚನ್ನವೀರ ಬಗ್ಗಿ ಮತ್ತೊಮ್ಮೆ ಪತ್ರ ನೋಡಿದ.

ಅಜ್ಜಾರು ಹುಡುಗಿಯನ್ನು ಕರೆದರು.

"ಬಾ ಯವ್ವಾ. ಜ್ವರ ಇಳೀತೇನು?"

"ಯಾವ ಜ್ವರರೀ?"

"ಇದರಾಗ ಬರದಿಯಲ್ಲ."

ಫಕೀರವ್ವ ಹಾಳೆಯನ್ನು ನೋಡಿದಳು.

"ಜ್ವರ ಇರಲಿಲ್ರಿ ಅಜ್ಜಾರ. ನಮ್ಮ ತಮ್ಮ ಹೋಗಿಬಿಟ್ಟ. ಹೊಲದಾಗ ಹಾವು ಕಡೀತು."

ಚನ್ನವೀರ ಅವಳ ಹತ್ತಿರ ಬಂದ.

"ನನಗೊಂದು ಮಾತು ಹೇಳಬಾರದಿತ್ತೇನವ್ವಾ?"

"ನೀವು ಮಲಗಿದ್ರಿ ಸರ್. ಪತ್ರ ಬರದಿಟ್ಟ ಹೋಗಬೇಕಂತ ನೀವ ಹೇಳಿದ್ರಿ."

"ತಮ್ಮ ತೀರಿಕೊಂಡ ಅಂತ ಬರೀಬೇಕಿತ್ತಲ್ಲ?"

"ಅದು ಬೋರ್ಡಿನ ಮ್ಯಾಲ ಇರಲಿಲ್ರಿ."

ಹೊರಗೆ ಊಟದ ಸಾಲಿನಲ್ಲಿ ತಟ್ಟೆಗಳ ಸದ್ದು.

ಅಜ್ಜಾರು ಕೇಳಿದರು: "ಮನ್ಯಾಗ ಯಾರದಾರ?"

"ಅವ್ವ ಒಬ್ಬಾಕಿನ. ಅಪ್ಪ ಮೊದಲ ಇಲ್ರಿ."

"ಮತ್ತ ಇಷ್ಟು ಲಗೂನ ಯಾಕ ಬಂದಿ?"

"ಪತ್ರದಾಗ ಎರಡ ದಿನ ಐತಲ್ರಿ. ಅವ್ವ ಬ್ಯಾಡ ಅಂದ್ಲು. ಸೆರಗ ಹಿಡದ್ಲು. ಬರದು ಕೊಟ್ಟೀನಿ, ಹೋಗಬೇಕ ಅಂತ ಬಿಡಿಸಿಕೊಂಡು ಬಂದೆ."

ಚನ್ನವೀರ ಬೇಗ ಬೇಗ ಹೊಸ ಹಾಳೆ ತೆಗೆದ. ಪೆನ್ನು ಹಿಡಿದು ನೆಲದ ಮೇಲೆ ಕುಳಿತ.

"ಏನು ಮಾಡ್ತಿ?" ಎಂದರು ಅಜ್ಜಾರು.

"ಸರಿಯಾದ ಪತ್ರ ಬರದು ಕೊಡ್ತೀನ್ರಿ. ಹೆಡ್‌ಮಾಸ್ತರು ರಜಾ ಕೊಡ್ತಾರ. ಅಕಿ ವಾಪಸ್ ಹೋಗಲಿ."

"ಬರಿ."

ಅವನು ಎರಡು ಸಾಲು ಬರೆದ. ನಿಲ್ಲಿಸಿದ. ಹೊಡೆದು ಹಾಕಿ ಮತ್ತೆ ಬರೆದ. ಇಷ್ಟು ವರ್ಷ ಪತ್ರ ಬರೆಸಿದ ಕೈ ಮೂರನೆಯ ಸಾಲಿಗೆ ಹೋಗಲಿಲ್ಲ.

ಅಜ್ಜಾರು ಹುಡುಗಿಯ ಕಡೆ ತಿರುಗಿದರು.

"ನಿನ್ನ ತಮ್ಮನ ಹೆಸರೇನವ್ವಾ?"

"ಸೋಮಲಿಂಗ."

ಹೆಸರು ಹೇಳಿ ಅವಳು ಅಲ್ಲೇ ಕುಳಿತಳು. ಊರಿನಿಂದ ಬಂದಾಗಿನಿಂದ ಅತ್ತಿರಲಿಲ್ಲ. ಈಗ ಅತ್ತಳು, ಬಾಯಿಗೆ ಬಟ್ಟೆ ಒತ್ತಿಕೊಂಡು, ಊಟದ ಸಾಲಿಗೆ ಕೇಳಿಸದ ಹಾಗೆ.

ಅಜ್ಜಾರು ಅವಳ ಪಕ್ಕದಲ್ಲಿ ಕುಳಿತರು. ಅವಳ ಅಳು ಇಳಿದ ಮೇಲೆ ಶಿಷ್ಯನ ಕೈಯಿಂದ ಹಾಳೆ ತೆಗೆದುಕೊಂಡರು.

"ಹೆಡ್‌ಮಾಸ್ತರಿಗೆ ನಾ ಹೇಳ್ತೀನಿ. ನೀ ಏಳು. ಅಕೀನ ಕರಕೊಂಡು ಅವರವ್ವನ ಹಂತ್ಯಾಕ ಹೋಗು. ಅಲ್ಲೇ ಕುಂದ್ರು."

ಚನ್ನವೀರ ಎದ್ದ. ಹೆಗಲಿಗೆ ವಸ್ತ್ರ ಹಾಕಿಕೊಂಡ. ಫಕೀರವ್ವ ಆಗಲೇ ಅಂಗಳಕ್ಕಿಳಿದಿದ್ದಳು. ಅವನು ಮಾತ್ರ ಹೊಸ್ತಿಲ ಬಳಿ ನಿಂತ.

"ಅಜ್ಜಾರ, ಅವರವ್ವನ ಮುಂದ ನಾ ಏನಂತ ಹೇಳಲಿ?"

"ಆ ತಾಯೀನ ಹೇಳ್ತಾಳ. ಹೇಳಿದ್ದನ್ನ ಮತ್ತ ಹೇಳ್ತಾಳ. ತಿದ್ದಬ್ಯಾಡ."